ನೀಲಿಗಾಳಿಗೆ ಅಂಜದ ಉಪ್ಪು

ನೀಲಿಗಾಳಿ ಬೀಸುವ ತಿಂಗಳು ನಮ್ಮೂರಿನಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಗಾಳಿ ಬರುವ ಮೊದಲೇ ರೊಟ್ಟಿಗಳನ್ನು ಕಟಕ್ ಎನ್ನುವ ಹಾಗೆ ಒಣಗಿಸಿ ಬುಟ್ಟಿ ತುಂಬಿಡುತ್ತೇವೆ. ಶೇಂಗಾ ಚಟ್ನಿ, ಮೊಸರು, ನೆನೆಸಿದ ಹೆಸರುಕಾಳು, ಅವಲಕ್ಕಿ ಇಷ್ಟರಲ್ಲೇ ತಿಂಗಳು ಸಾಗಬೇಕು. ಒಗ್ಗರಣೆ ಇಲ್ಲದ ಊಟಕ್ಕೆ ಮಕ್ಕಳು ಮೊದಲೆರಡು ದಿನ ಮುಖ ಸಿಂಡರಿಸಿ ಆಮೇಲೆ ಸುಮ್ಮನಾಗುತ್ತಾರೆ. ನೀರೊಂದನ್ನು ಬಿಟ್ಟು, ಆವಿಯಾಗಿ ಮೇಲೇಳುವ ಯಾವುದನ್ನೂ ಆ ಗಾಳಿ ಬಿಡುವುದಿಲ್ಲ. ಮುಟ್ಟಿದ ಕೂಡಲೇ ಹೊತ್ತಿಸಿಬಿಡುತ್ತದೆ. ಪೆಟ್ರೋಲು, ಸೀಮೆಎಣ್ಣೆ, ಸ್ಪಿರಿಟ್ಟು, ಅತ್ತರು ಎಲ್ಲವೂ ಊರ ಗಡಿಯಾಚೆ ಹೋಗುತ್ತವೆ. ದೇವರಿಗೂ ಕರ್ಪೂರ ಇಲ್ಲ. ಹೆಣ್ಣುಮಕ್ಕಳು ಮಲ್ಲಿಗೆ ಮುಡಿಯುವುದಿಲ್ಲ, ವಾಸನೆ ಇಲ್ಲದ ಕನಕಾಂಬರ ಮುಡಿಯುತ್ತಾರೆ. ನಾನು ಚಿಕ್ಕವಳಿದ್ದಾಗ ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆಯೊಬ್ಬಳು ಮರೆತು ಮಲ್ಲಿಗೆ ದಂಡೆ ಮುಡಿದು ಅಂಗಳಕ್ಕೆ ಬಂದಳು. ಅವಳ ಜಡೆಯ ಮೇಲೆ ನೀಲಿ ಬೆಂಕಿ ಇರುವೆ ಸಾಲಿನ ಹಾಗೆ ಹರಿದಾಡಿತು. ಪಕ್ಕದ ಮನೆಯವರು ಮಜ್ಜಿಗೆ ಚೆಲ್ಲಿದ್ದರಿಂದ ಕೂದಲು ಉಳಿಯಿತು.

ಆ ತಿಂಗಳು ಕರೆಂಟೂ ಇರುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಒಳಗೂ ಎಣ್ಣೆ ಇದೆಯಲ್ಲ. ಮೊಬೈಲು, ಟಾರ್ಚು, ಬ್ಯಾಟರಿ ಇರುವ ಎಲ್ಲವನ್ನೂ ಗಡಿಕಟ್ಟೆಯ ಕಲ್ಲುಕೋಣೆಯಲ್ಲಿ ಇಟ್ಟು ಬರಬೇಕು. ಈ ಕಟ್ಟಲೆಯನ್ನು ನೋಡಿಕೊಳ್ಳುವವರನ್ನು ನಾವು ಗಾಳಿಗೌಡರು ಎನ್ನುತ್ತೇವೆ. ನಾನು ಹೇಳುತ್ತಿರುವ ಕಾಲದಲ್ಲಿ ದುಂಡಪ್ಪನವರು ಗಾಳಿಗೌಡರಾಗಿದ್ದರು. ಅವರಿಗೆ ಹುಬ್ಬು ಇರಲಿಲ್ಲ. ಹಿಂದೊಮ್ಮೆ ಗಾಳಿ ತಿಂಗಳಲ್ಲಿ ಮೊಬೈಲ್ ಅಂಗಡಿಯೊಂದರ ಮೂಲೆಯಲ್ಲಿ ಮರೆತುಹೋಗಿದ್ದ ಬ್ಯಾಟರಿಗಳ ಪೆಟ್ಟಿಗೆ ಉಬ್ಬಿ ಸಿಡಿದು ಅಂಗಡಿಗೆ ಅಂಗಡಿಯೇ ಉರಿದಿತ್ತು. ಒಳಗಿದ್ದ ಅಂಗಡಿಯವ ಹುಸೇನಸಾಬನನ್ನು ಹೊತ್ತು ಹೊರಗೆ ತಂದವರು ಇದೇ ದುಂಡಪ್ಪನವರು. ಹುಸೇನಸಾಬ ಬದುಕಿದ. ಆದರೆ ಅವನ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ದುಂಡಪ್ಪನವರ ಹುಬ್ಬು ಮತ್ತೆ ಬೆಳೆಯಲಿಲ್ಲ. ಅಂದಿನಿಂದ ಬ್ಯಾಟರಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಮುಖ ಬಿಗಿಯುತ್ತಿತ್ತು.

ಇದೆಲ್ಲ ನನಗೇಕೆ ಮುಖ್ಯವೆಂದರೆ, ನಾನು ಉಸಿರಾಡುವುದು ಯಂತ್ರದಿಂದ. ನನ್ನ ಹೆಸರು ಬಸಲಿಂಗವ್ವ. ನಾನೂ ನನ್ನ ಗಂಡ ಗದಿಗೆಪ್ಪನೂ ಬಸ್ ನಿಲ್ದಾಣದ ಎದುರು ಖಾನಾವಳಿ ನಡೆಸುತ್ತಿದ್ದೆವು. ನಲವತ್ತು ದಾಟಿದ ಮೇಲೆ ನನ್ನ ಮೈಯ ಸ್ನಾಯುಗಳು ಒಂದೊಂದಾಗಿ ಸೋಲತೊಡಗಿದವು. ಮೊದಲು ರೊಟ್ಟಿ ಬಡಿಯುವ ಕೈ ಸೋತಿತು, ಆಮೇಲೆ ಮೆಟ್ಟಿಲು ಹತ್ತುವ ಕಾಲು. ಕಡೆಗೆ ಎದೆಯೂ ಸೋತಿತು. ಮೂಗು ಬಾಯಿಗೆ ಮುಸುಕು ಕಟ್ಟಿಕೊಂಡರೆ ಯಂತ್ರ ಗಾಳಿಯನ್ನು ಒಳಗೆ ತಳ್ಳುತ್ತದೆ. ಅದನ್ನು ತೆಗೆದು ನೆಟ್ಟಗೆ ಕುಳಿತರೆ ಒಂದು ಊಟ ಮುಗಿಸುವಷ್ಟು ಹೊತ್ತು ತಡೆದೇನು. ಅದಕ್ಕಿಂತ ಹೆಚ್ಚಾದರೆ ಕಣ್ಣು ಕತ್ತಲೆ ಬರುತ್ತದೆ.

ಹಾಗಾಗಿ ವರ್ಷಕ್ಕೊಮ್ಮೆ, ಗಾಳಿಯ ಮೋಡ ಕಂಡ ಕೂಡಲೇ, ಗದಿಗೆಪ್ಪ ನನ್ನನ್ನು ಆ ಗಾಳಿ ಮುಟ್ಟದ ಕೆಳಗಿನ ಊರಿಗೆ ಕರೆದೊಯ್ದು ಅಲ್ಲಿನ ಆಸ್ಪತ್ರೆಯ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಇರಿಸುತ್ತಿದ್ದ. ತಿಂಗಳೊಪ್ಪತ್ತು ಅಲ್ಲಿ ನನಗೆ ಯಾರೂ ಗುರುತಿನವರಿಲ್ಲ. ನನ್ನ ಅವ್ವ ತೀರಿಕೊಂಡದ್ದು ಹಾಗೆ ನಾನು ಊರಲ್ಲಿ ಇಲ್ಲದ ಒಂದು ಗಾಳಿ ತಿಂಗಳಲ್ಲೇ. ಸುದ್ದಿ ಕಾಲ್ನಡಿಗೆಯಲ್ಲಿ ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ನನ್ನ ತಮ್ಮನಿಗೆ ಮಗು ಹುಟ್ಟಿದ್ದು, ಖಾನಾವಳಿಗೆ ಹೊಸ ಹೆಂಚು ಹೊದಿಸಿದ್ದು, ಎಲ್ಲವನ್ನೂ ನಾನು ಬೇರೆಯವರ ಬಾಯಲ್ಲಿ ಕೇಳಿದವಳು.

ನನ್ನ ಒಬ್ಬಳೇ ಮಗಳು ನಂದಾ ಹೆರಿಗೆಗೆ ತವರಿಗೆ ಬಂದಾಗ ಊರಲ್ಲಿ ಹೆರಿಗೆ ಮಾಡಿಸುವ ಸುವಾರ್ತಾ ಸಿಸ್ಟರು ಹೊಟ್ಟೆ ಮುಟ್ಟಿ ನೋಡಿ ದಿನ ಹೇಳಿದರು. ಅದು ಸರಿಯಾಗಿ ನೀಲಿಗಾಳಿಯ ನಡುಭಾಗ. ನಂದಾ ಗೋಡೆ ಕಡೆ ತಿರುಗಿ ಮಲಗಿದಳು. ಹಾಗೆ ಮಲಗಿಯೇ, "ಯವ್ವಾ, ನೀ ಇರಂಗಿಲ್ಲಲಾ," ಎಂದಳು. ಅಷ್ಟೇ.

"ಇಕಿನೂ ಅಲ್ಲಿಗೇ ಕರ್ಕೊಂಡು ಹೋಗೂಣ," ಎಂದ ಗದಿಗೆಪ್ಪ.

ಸುವಾರ್ತಾ ಸಿಸ್ಟರು ಕೈ ಅಡ್ಡ ಮಾಡಿದರು. "ಕೂಸು ಅಡ್ಡ ಐತಿ. ಘಾಟ್ ಇಳಿಸಿ ಕುಲುಕಿಸಿಕೊಂಡು ಹೋಗಾಕ ನಾ ಬಿಡಂಗಿಲ್ಲ. ನನ್ನ ಕಣ್ಣ ಮುಂದ ಇರಲಿ. ನಾ ತಿರುಗಿಸ್ತೀನಿ."

ಆಗ ನನಗೆ ನೆನಪಾದವರು ಜುಬೇದಾ ಮೇಡಂ. ಅವರು ನಮ್ಮೂರ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮಧ್ಯಾಹ್ನದ ಊಟ ನಮ್ಮ ಖಾನಾವಳಿಯಲ್ಲೇ. ಅಂಗಡಿ ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಹುಸೇನಸಾಬ ಅವರ ಅಣ್ಣ. ದೊಡ್ಡ ಊರಿನಲ್ಲಿ ಓದುತ್ತಿದ್ದ ಅವರು ಆ ಸುದ್ದಿ ಕೇಳಿ ಬಂದವರು ಇಲ್ಲಿಯೇ ಉಳಿದರು. ಗಾಳಿಗೆ ಹೊತ್ತಿಕೊಳ್ಳದ ಬ್ಯಾಟರಿ ಮಾಡಬೇಕು ಎಂಬುದೊಂದೇ ಹಟ. ಹಿಂದಿನ ವರ್ಷದ ಗಾಳಿಯಲ್ಲಿ ಅವರು ದುಂಡಪ್ಪನವರನ್ನೂ ಊರವರನ್ನೂ ಚಾವಡಿಯ ಮುಂದೆ ಕರೆದು ಎರಡು ಬಟ್ಟಲು ಇಟ್ಟಿದ್ದರಂತೆ. ಒಂದರಲ್ಲಿ ಮಾಮೂಲಿ ಲಿಥಿಯಂ ಬ್ಯಾಟರಿಯ ಒಳಗಿರುವ ದ್ರವ. ಅದರ ಮುಚ್ಚಳ ತೆಗೆಯುತ್ತಿದ್ದಂತೆ ಆಳೆತ್ತರ ನೀಲಿ ಬೆಂಕಿ ಎದ್ದಿತು. ಇನ್ನೊಂದರಲ್ಲಿ ಅವರೇ ಮಾಡಿದ್ದು. ಅದು ಸಂಜೆಯವರೆಗೂ ಬಟ್ಟಲಲ್ಲಿ ಹಾಗೆಯೇ ಮಿರಮಿರ ಮಿನುಗುತ್ತ ಕುಳಿತಿತ್ತು. ನಾನು ಆಗಲೂ ಕೆಳಗಿನ ಊರಲ್ಲಿದ್ದೆ. ಇದನ್ನೂ ಕೇಳಿದ್ದೇ.

ಮರುದಿನ ಅವರು ಊಟಕ್ಕೆ ಬಂದಾಗ ಮುಸುಕು ಸರಿಸಿ ಕೇಳಿದೆ. "ಮೇಡಂ, ಆ ನಿಮ್ಮ ನೀರಿನಿಂದ ನನ್ನ ಮಷಿನ್ ನಡದೀತೇನ್ರಿ?"

ತುತ್ತು ಕೈಯಲ್ಲೇ ಉಳಿಯಿತು. "ಅದು ನೀರಲ್ಲ ಬಸಲಿಂಗಕ್ಕಾ. ಬರೇ ಉಪ್ಪು."

"ಉಪ್ಪು ಹರೀತೈತೇನು?"

"ನಾವು ಉಣ್ಣೂ ಉಪ್ಪು ಹರಳಾಗಿ ಗಟ್ಟಿಯಾಗಿ ಕೂಡತೈತಿ. ಈ ಉಪ್ಪಿನ ಕಣಗಳ ಆಕಾರ ಅಂಕು-ಡೊಂಕು, ಒಂದರ ಪಕ್ಕ ಒಂದು ನೆಟ್ಟಗ ಹೊಂದಿಕೊಳ್ಳಂಗಿಲ್ಲ. ಅದಕ್ಕ ನೀರಿಲ್ದನ ಹಂಗೇ ದ್ರವ ಆಗಿ ಇರತಾವು. ಹಂಗಂತ ಒಂದನ್ನೊಂದು ಬಿಟ್ಟು ಮ್ಯಾಲೆ ಹಾರೂದೂ ಇಲ್ಲ. ಹಾರದಿದ್ರ ಗಾಳಿಗೆ ಹೊತ್ತಿಸಾಕ ಏನು ಸಿಗತೈತಿ? ಮಲ್ಲಿಗಿ ವಾಸನಿ ಬಿಡತೈತಿ, ಉರೀತೈತಿ. ಕನಕಾಂಬರಿ ಬಿಡಂಗಿಲ್ಲ, ಉಳೀತೈತಿ. ಹಂಗ. ಅದರಾಗ ನಾನು ಲಿಥಿಯಂ ಉಪ್ಪನ್ನ ಹಿಡಿಸುವಷ್ಟೂ ಹಿಡಿಸೀನಿ, ಇನ್ನೊಂದು ಚಿಟಿಕಿ ಹಾಕಿದ್ರ ಕರಗಬಾರದು ಅಷ್ಟು."

"ಮತ್ತ ಇಷ್ಟು ದಿನ ಯಾಕ ಕೊಡಲಿಲ್ಲ ನನಗ?"

ಅವರು ತಲೆ ತಗ್ಗಿಸಿದರು. "ಅದಕ್ಕೊಂದು ಕೊರತಿ ಐತಿ. ಭಾಳ ಮಂದ. ನೀವು ಬೆಲ್ಲದ ಪಾಕ ಏರಸ್ತೀರಲಾ, ಎಳಿ ಬಂದ ಪಾಕ, ಅಷ್ಟು ಮಂದ. ಅದರೊಳಗ ಲಿಥಿಯಂ ಆ ಕಡೆಯಿಂದ ಈ ಕಡೆಗೆ ನಡಕೊಂಡು ಹೋಗಬೇಕಲಾ, ಕೆಸರಾಗ ನಡದಂಗ ನಡೀತೈತಿ. ಬಲ್ಬು ಹತ್ತೈತಿ, ಸಣ್ಣ ಫ್ಯಾನು ತಿರುಗೇತಿ. ಒಬ್ಬರ ಉಸಿರನ್ನ ಅದರ ಮ್ಯಾಲೆ ಬಿಡೂದು ಅಂದ್ರ ನನಗ ಧೈರ್ಯ ಸಾಲವಲ್ದ್ರಿ ಅಕ್ಕಾ."

"ನಮ್ಮ ಗಾಳಿ ಬಿಸಿ ಗಾಳಿ ಅಲ್ಲೇನ್ರಿ," ಎಂದೆ. "ಬಿಸಿಗೆ ಪಾಕ ತೆಳ್ಳಗ ಆಗೂದಿಲ್ಲೇನು?"

"ಆಗತೈತಿ," ಎಂದು ಅವರು ನಕ್ಕರು. "ಅದೊಂದೇ ನನ್ನ ಧೈರ್ಯ."

ಗದಿಗೆಪ್ಪ ಒಪ್ಪಲಿಲ್ಲ. ಸಿಟ್ಟಿನಿಂದ ಪಾತ್ರೆ ಎತ್ತಿ ಇಡುತ್ತ, "ಸಾಯಾಕ ಇಷ್ಟು ಅವಸರ ಏನ ನಿನಗ?" ಎಂದ. ರಾತ್ರಿ ಊಟಕ್ಕೆ ಕುಳಿತಾಗ ಅವನೇ, "ಉಸಿರು ತಳ್ಳೂ ಕೈಪಂಪು ಒಂದು ತರ್ತೀನಿ. ಮಷಿನ್ ನಿಂತ್ರ ನಾ ಒತ್ತುತೀನಿ," ಎಂದ. ಅವನ ಒಪ್ಪಿಗೆ ಬರುವುದೇ ಹಾಗೆ, ಯಾವುದಾದರೂ ಸಾಮಾನು ತರುವ ಮಾತಿನಲ್ಲಿ.

ದುಂಡಪ್ಪನವರ ಚಾವಡಿಗೆ ನಾವು ಮೂವರೂ ಹೋದೆವು. ಜುಬೇದಾ ಮೇಡಂ ಮಾತಾಡುತ್ತಿದ್ದರೆ ಅವರು ಕಿಟಕಿಯಾಚೆ ನೋಡುತ್ತಿದ್ದರು. ಮುಗಿದ ಮೇಲೆ ಹೇಳಿದರು: "ಬಟ್ಟಲಾಗ ಸುಮ್ನ ಕುಂತಿದ್ದನ್ನ ನಾ ನೋಡೀನವ್ವ. ಕೆಲಸಕ್ಕ ಹಚ್ಚಿದಾಗ ಏನ ಮಾಡತೈತೋ ನನಗ ಗೊತ್ತಿಲ್ಲ. ಹುಸೇನನ ಅಂಗಡ್ಯಾಗ ಏನಾತು ಅಂತ ನಿನಗ ಹೇಳಬೇಕೇನು?"

"ಬ್ಯಾಡ್ರಿ ಕಾಕಾ," ಎಂದರು ಜುಬೇದಾ ಮೇಡಂ. "ನಮ್ಮಣ್ಣ ದಿನಾ ಎಡಗೈಲೆ ಉಣ್ಣೂದನ್ನ ನೋಡ್ತೀನಿ. ಅಂವ ಉಣ್ಣಾಕ ಇದ್ದಾನಲಾ, ಅದು ನಿಮ್ಮಿಂದ. ನೀವು ಬ್ಯಾಡ ಅಂದ್ರ ಮುಗೀತು, ನಾ ಮತ್ತ ಕೇಳಂಗಿಲ್ಲ."

ದುಂಡಪ್ಪನವರು ನನ್ನ ಕಡೆ ನೋಡಿದರು. ನಾನು ಮುಸುಕು ತೆಗೆದೆ. "ಗೌಡ್ರ, ನಮ್ಮವ್ವನ ಮಾರಿ ಕಡೀಕ ನೋಡಲಿಲ್ಲ ನಾ. ಮೊಮ್ಮಗುವಿನ ಮಾರಿನರ ಮೊದಲಿಗೆ ನೋಡ್ತೀನಿ."

ಅವರು ಗಡ್ಡ ನೀವಿಕೊಂಡು, ಊರ ಹೊರಗಿನ ಹಳೇ ಮದ್ದಿನಮನೆಯಲ್ಲಿ ಇರಬಹುದು ಎಂದರು. ಹಿಂದೆ ತೋಪಿನ ಮದ್ದು ಇಡುತ್ತಿದ್ದ ಕಲ್ಲಿನ ಕಟ್ಟಡ ಅದು. ಸುತ್ತ ಬಯಲು. ಹೊತ್ತಿಕೊಂಡರೂ ಊರಿಗೆ ತಾಗದು. "ಹೊರಗ ಬೇವಿನ ಗಿಡದ ಕೆಳಗ ಉಸುಕಿನ ಬುಟ್ಟಿ ಇಟ್ಕೊಂಡು ನಾನೇ ಕುಂದರತೀನಿ," ಎಂದರು.

ಯಂತ್ರ ಹತ್ತಿದ ಮೇಲೆ, ಗಾಳಿ ಬಂದಾಗ ನಾನು ಮೊದಲ ಬಾರಿಗೆ ನಮ್ಮೂರಲ್ಲಿದ್ದೆ. ಮದ್ದಿನಮನೆಯ ಚಿಕ್ಕ ಕಿಂಡಿಯಿಂದ ಅದನ್ನು ನೋಡಿದೆ. ಆಕಾಶದ ಅಂಚಿನಲ್ಲಿ ತೆಳುವಾದ ನೀಲಿ ಸೆರಗಿನಂತೆ ಎದ್ದು, ಬಯಲಿನ ಮೇಲೆ ತೂಗಾಡುತ್ತ ಬಂತು. ನಿಂಬೆ ಗಿಡಗಳ ಎಲೆಗಳ ಸುತ್ತ ಕಿಡಿಗಳು ಮಿಣುಕಿ ಆರಿದವು. ನನ್ನ ಪಕ್ಕದಲ್ಲಿ ಮಣೆಯ ಮೇಲೆ ಉಪ್ಪಿನ ಬ್ಯಾಟರಿಯ ನಾಲ್ಕು ಡಬ್ಬಿಗಳಿದ್ದವು, ಉದ್ದನೆಯ ತಂತಿಯಿಂದ ಒಂದಕ್ಕೊಂದು ಜೋಡಿಸಿದವು. ಗಾಳಿ ಕಿಂಡಿಯಿಂದ ಒಳಗೆ ಬಂದಾಗ ಗದಿಗೆಪ್ಪ ನನ್ನ ಕೈ ಹಿಡಿದ. ಜುಬೇದಾ ಮೇಡಂ ಡಬ್ಬಿಗಳ ಮುಂದೆ ಅಡ್ಡ ಕುಳಿತರು. ಗಾಳಿ ಡಬ್ಬಿಗಳನ್ನು ಸವರಿ, ನಮ್ಮ ಮುಖ ಸವರಿ, ಹಿಂದಿನ ಬಾಗಿಲಿಂದ ಹೊರಟುಹೋಯಿತು. ಯಂತ್ರ ತನ್ನ ಪಾಡಿಗೆ ಉಸಿರು ತಳ್ಳುತ್ತಿತ್ತು. ನಾನು ಅತ್ತೆ. ಮುಸುಕಿನೊಳಗೆ ಅಳುವುದು ಕಷ್ಟ. ಜುಬೇದಾ ಮೇಡಂ ಬೈದು ಒರೆಸಿದರು.

ಗಾಳಿ ಬೀಸುತ್ತಲೇ ಇತ್ತು, ಯಂತ್ರವೂ ನಡೆಯುತ್ತಲೇ ಇತ್ತು. ಹಗಲು ಮದ್ದಿನಮನೆಯ ಮಾಡಿನ ಮೇಲೆ ಹಾಸಿದ ಸೋಲಾರ್ ಬಿಸಿಲ ಹಲಗೆಗಳಿಂದ ಡಬ್ಬಿಗಳು ಮತ್ತೆ ತುಂಬಿಕೊಳ್ಳುತ್ತಿದ್ದವು. ಊರ ಹೆಂಗಸರು ರೊಟ್ಟಿ, ಮೊಸರು ತಂದು ಕೊಡುವ ನೆಪದಲ್ಲಿ ಬಂದು ಕೂರುತ್ತಿದ್ದರು. ಒಲೆ ಇಲ್ಲದ ತಿಂಗಳಲ್ಲಿ ಹೆಂಗಸರಿಗೆ ಇಷ್ಟು ಬಿಡುವು ಇರುತ್ತದೆಂಬುದು ನನಗೆ ಮರೆತೇಹೋಗಿತ್ತು. ದುಂಡಪ್ಪನವರು ಬೇವಿನ ಕೆಳಗಿಂದ ಏಳಲಿಲ್ಲ, ಒಳಗೂ ಬರಲಿಲ್ಲ. ನಂದಾ ದಿನಾ ನಡೆದು ಬರುತ್ತಿದ್ದಳು. ಸುವಾರ್ತಾ ಸಿಸ್ಟರು ಕೂಸನ್ನು ಮೆಲ್ಲಗೆ ನೀವಿ ನೀವಿ ತಿರುಗಿಸಿದ್ದರು. ನೋವು ಶುರುವಾದ ಬೆಳಿಗ್ಗೆ ನಂದಾ ಮನೆಯಲ್ಲಿ ಮಲಗಲು ಒಪ್ಪಲೇ ಇಲ್ಲ. "ಅವ್ವನ ಹತ್ರ," ಎಂದು ಹಟ ಹಿಡಿದು ಮದ್ದಿನಮನೆಗೇ ಬಂದಳು. ನನ್ನ ಮಂಚದ ಪಕ್ಕ ಸೀರೆ ಅಡ್ಡ ಕಟ್ಟಿ ಅವಳಿಗೆ ಹಾಸಿಗೆ ಮಾಡಿದರು.

ಮಧ್ಯಾಹ್ನ ಆಕಾಶ ಕಪ್ಪಾಯಿತು. ನಮ್ಮೂರಿನಲ್ಲಿ ಆ ತಿಂಗಳು ಯಾರೂ ಕಾಣದಂಥ ಆಲಿಕಲ್ಲು ಮಳೆ ಹೊಡೆಯಿತು. ಕಲ್ಲಿನ ಚಾವಣಿಯ ಮೇಲೆ ಗೋಲಿ ಸುರಿದ ಹಾಗೆ ಸದ್ದು. ಬಿಸಿಲ ಹಲಗೆಗಳಲ್ಲಿ ಅರ್ಧ ಒಡೆದವು. ಮಳೆ ನಿಂತರೂ ಗಾಳಿ ನಿಲ್ಲಲಿಲ್ಲ. ಆದರೆ ಅದು ಈಗ ಐಸಿನಂಥ ಗಾಳಿ. ಕಲ್ಲುಗೋಡೆ, ಕಲ್ಲುನೆಲ, ಎಲ್ಲ ತಣ್ಣಗಾಗಿ ಕೊರೆಯತೊಡಗಿದವು. ಸೀರೆಯಾಚೆ ನಂದಾ ನರಳುತ್ತಿದ್ದಳು. ನಾನು ಅವಳ ನರಳಿಕೆಗೆ ಕಿವಿಗೊಟ್ಟಿದ್ದವಳು, ನನ್ನ ಯಂತ್ರದ ಸದ್ದು ಇಳಿಯುತ್ತಿರುವುದನ್ನು ತಡವಾಗಿ ಗಮನಿಸಿದೆ. ಎದೆ ತುಂಬುವ ಮೊದಲೇ ಗಾಳಿ ನಿಲ್ಲುತ್ತಿತ್ತು. ಯಂತ್ರ ಪೀಪ್ ಪೀಪ್ ಎಂದು ಕೂಗಿಕೊಂಡಿತು.

ಜುಬೇದಾ ಮೇಡಂ ಓಡಿ ಬಂದು ಡಬ್ಬಿ ಮುಟ್ಟಿದರು. "ಖಾಲಿ ಆಗಿಲ್ಲ. ಥಂಡಿಗೆ ಪಾಕ ಬಿಗದೈತಿ. ಒಳಗ ಲಿಥಿಯಂ ನಡೀವಲ್ದು."

"ಬೆಂಕಿಗೆ ಕಾಸಿದ್ರ?" ಎಂದ ಗದಿಗೆಪ್ಪ, ಎಂದವನೇ ಬಾಯಿ ಮುಚ್ಚಿಕೊಂಡ. ನೀಲಿಗಾಳಿಯಲ್ಲಿ ಬೆಂಕಿಯೇ! ಅವನು ಕೈಪಂಪು ತೆಗೆದು ನನ್ನ ಮುಖಕ್ಕೆ ಹಿಡಿದು ಒತ್ತತೊಡಗಿದ. ಒತ್ತುವುದು, ಬಿಡುವುದು. ಅವನ ಹಣೆಯಿಂದ ಬೆವರು ನನ್ನ ಕೆನ್ನೆಗೆ ಬೀಳುತ್ತಿತ್ತು. ಎಷ್ಟು ಹೊತ್ತು ಒತ್ತಿಯಾನು? ಹೆರಿಗೆ ಸಂಜೆಯವರೆಗೂ ಎಳೆದೀತು ಎಂದಿದ್ದರು ಸಿಸ್ಟರು.

ಜುಬೇದಾ ಮೇಡಂ ಒಂದು ಡಬ್ಬಿಯನ್ನು ಎತ್ತಿ ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡರು. ತಂತಿ ಅವರ ಸೊಂಟದಿಂದ ಮಂಚದವರೆಗೆ ತೂಗುತ್ತಿತ್ತು. "ಮೈ ಕಾವು ಸಾಕು ಇದಕ್ಕ," ಎಂದು ಕೂಗಿದರು. "ಒಂದು ಸ್ವಲ್ಪ ಬೆಚ್ಚಗ ಆದ್ರ ಮತ್ತ ಹರೀತೈತಿ. ಯಾರರ ಬರ್ರೀ, ಇನ್ನ ಮೂರು ಅದಾವ!"

ರೊಟ್ಟಿ ತಂದಿದ್ದ ಹೆಂಗಸರಿಬ್ಬರು ಬಾಗಿಲಲ್ಲೇ ನಿಂತಿದ್ದರು. ಬ್ಯಾಟರಿ ಏನು ಮಾಡಬಲ್ಲದು ಎಂದು ಅವರು ಹುಸೇನಸಾಬನ ಅಂಗಡಿಯಲ್ಲಿ ನೋಡಿದ್ದವರು. ಅವರು ಹಿಂದೇಟು ಹಾಕಿದ್ದನ್ನು ನಾನು ಇವತ್ತಿಗೂ ತಪ್ಪು ಎನ್ನುವುದಿಲ್ಲ. ಆದರೆ ಒಬ್ಬಳು ಬುಟ್ಟಿ ಕೆಳಗಿಟ್ಟು ಬಂದಳು. ಡಬ್ಬಿಯನ್ನು ಕೂಸಿನ ಹಾಗೆ ಮಡಿಲಿಗೆ ಹಾಕಿಕೊಂಡು ಸೀರೆ ಸುತ್ತಿದಳು. ಅವಳನ್ನು ನೋಡಿ ಇನ್ನೊಬ್ಬಳು ಬಂದಳು. ಒಂದು ಡಬ್ಬಿ ಉಳಿಯಿತು.

ಬೇವಿನ ಕೆಳಗಿಂದ ದುಂಡಪ್ಪನವರು ಎದ್ದು ಬಂದರು. ಹೊಸ್ತಿಲ ಮೇಲೆ ನಿಂತರು. ಆಲಿಕಲ್ಲು ಬಡಿದು ಅವರ ಹಣೆ ಕೆಂಪಾಗಿತ್ತು. ಮಣೆಯ ಮೇಲಿದ್ದ ಡಬ್ಬಿಯನ್ನೇ ನೋಡುತ್ತ, "ನಾಕೂ ಬೇಕೇನವ್ವ?" ಎಂದು ಕೇಳಿದರು.

"ನಾಕೂ ಬೇಕ್ರಿ ಕಾಕಾ. ಒಂದು ನಿಂತ್ರ ಎಲ್ಲಾ ನಿಂದ್ರತಾವು."

"ಹುಸೇನನ್ನ ಹೆಗಲ ಮ್ಯಾಲೆ ಹಾಕ್ಕೊಂಡಾಗೂ ಹಿಂಗ ಎದಿ ಹೊಡ್ಕೊಂಡಿತ್ತು," ಎಂದು ಅವರು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಡಬ್ಬಿಯನ್ನು ಬರಿಯ ಎದೆಗೆ ಹಚ್ಚಿಕೊಂಡು, ಮೇಲೆ ಕಂಬಳಿ ಹೊದ್ದು ಗೋಡೆಗೊರಗಿ ಕುಳಿತರು. ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರು.

ಗದಿಗೆಪ್ಪ ಒತ್ತುತ್ತಲೇ ಇದ್ದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಜುಬೇದಾ ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡು ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡು ಮುಂದಕ್ಕೆ ಬಾಗಿದ್ದರು. ಆಮೇಲೆ ಯಂತ್ರದ ಕೂಗು ನಿಂತಿತು. ಅದರ ಒಳಗಿನ ಸಣ್ಣ ಫ್ಯಾನು ಕೆಮ್ಮಿದ ಹಾಗೆ ಮಾಡಿ ತಿರುಗಿತು. ಮೊದಲು ಅರ್ಧ ಉಸಿರು ಬಂತು, ಆಮೇಲೆ ಮುಕ್ಕಾಲು, ಆಮೇಲೆ ಎದೆ ತುಂಬ. ಗದಿಗೆಪ್ಪ ಮುಸುಕನ್ನು ನನ್ನ ಮುಖಕ್ಕೆ ಕಟ್ಟಿ ಕೈಪಂಪನ್ನು ಪಕ್ಕಕ್ಕಿಟ್ಟ. ಅವನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ, ಪಂಪಿನ ಆಕಾರದಲ್ಲೇ ಮಡಚಿಕೊಂಡಿದ್ದವು. ಅವನ್ನು ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡು ಕುಳಿತ.

ಆ ಮಧ್ಯಾಹ್ನವೆಲ್ಲ ನಾಲ್ವರೂ ಅಲ್ಲಾಡಲಿಲ್ಲ. ಸುದ್ದಿ ಊರಿಗೆ ಮುಟ್ಟಿ ಜನ ಕಂಬಳಿ, ಕೌದಿಗಳನ್ನು ಹೊತ್ತು ಬಂದರು. ಒಬ್ಬರು ಬೆಚ್ಚಗಿನ ಅಂಗೈಯಿಂದ ದುಂಡಪ್ಪನವರ ಪಾದ ತಿಕ್ಕುತ್ತಿದ್ದರು. ಹುಸೇನಸಾಬನೂ ಬಂದ. "ಕಾಕಾ, ಇಲ್ಲಿ ಕೊಡ್ರಿ, ನಾ ಹಿಡೀತೀನಿ," ಎಂದು ತನ್ನ ಒಳ್ಳೆಯ ಕೈ ಚಾಚಿದ. ದುಂಡಪ್ಪನವರು ಕಣ್ಣು ತೆರೆದು, "ಸುಮ್ನ ಕುಂದರೋ. ಈಗ ರೂಢಿ ಆಗೇತಿ," ಎಂದರು. ಹುಸೇನಸಾಬ ಅವರ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ.

ಸಂಜೆ ಮೋಡ ಸರಿದು ಬಿಸಿಲು ಮತ್ತೆ ಕಿಂಡಿಗೆ ಬರುವ ಹೊತ್ತಿಗೆ ಸೀರೆಯಾಚೆ ನಂದಾ ಒಮ್ಮೆ ಗಟ್ಟಿಯಾಗಿ ಕೂಗಿದಳು. ಆಮೇಲೆ ಬೇರೊಂದು ಕೂಗು, ತೆಳ್ಳಗೆ, ಸಿಟ್ಟಿನಿಂದ. ಸುವಾರ್ತಾ ಸಿಸ್ಟರು ಸೀರೆ ಸರಿಸಿ ಹೊರಬಂದು, ಒರೆಸಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನನ್ನ ಎದೆಯ ಮೇಲೆ ಇಟ್ಟರು. "ಹೆಣ್ಣು," ಎಂದರು. "ನಿಮ್ಮ ಮಗಳು ಚೆನ್ನಾಗಿ ಅದಾಳ. ಮೊದಲ ಅವ್ವಗ ತೋರಸ್ರಿ ಅಂದ್ಲು."

ಕೂಸಿನ ಮುಖ ನೋಡಿದೆ. ಹುಬ್ಬು ಗಂಟಿಕ್ಕಿಕೊಂಡು, ಬಾಯಿ ಅಗಲ ತೆರೆದು, ತನಗೆ ಬೇಕಾದ ಗಾಳಿಯನ್ನೆಲ್ಲ ತಾನೇ ಎಳೆದುಕೊಳ್ಳುತ್ತಿತ್ತು. ನನಗೆ ಮಾತಾಡಬೇಕೆನಿಸಿತು. ಮುಸುಕು ತೆಗೆಯುವ ಧೈರ್ಯವಾಗಲಿಲ್ಲ. ಆ ಕೋಣೆಯಲ್ಲಿ ಡಬ್ಬಿಗಳನ್ನು ಅವುಚಿಕೊಂಡು ಕುಳಿತಿದ್ದ ಒಬ್ಬೊಬ್ಬರ ಕಡೆಗೂ ತಿರುಗಿ, ಕೈಗಳನ್ನು ಆದಷ್ಟು ಎತ್ತಿ ಮುಗಿಯಲು ನೋಡಿದೆ. ಸೋತ ಕೈಗಳು ಅರ್ಧಕ್ಕೇ ನಿಂತವು.

ದುಂಡಪ್ಪನವರು ಕಂಬಳಿಯೊಳಗಿಂದಲೇ ತಲೆ ಅಲ್ಲಾಡಿಸಿದರು. "ಕೈ ಮುಗೀಬ್ಯಾಡವ್ವ. ನೀ ಸುಮ್ನ ಉಸಿರಾಡು. ನಾವ ಅದೀವಲಾ."

ನಾನು ಉಸಿರಾಡಿದೆ. ಯಂತ್ರ ನನ್ನ ಎದೆಯನ್ನು ಎತ್ತಿದಾಗ ಮೊಮ್ಮಗಳು ಮೇಲೆದ್ದಳು, ಇಳಿಸಿದಾಗ ಇಳಿದಳು. ಹೀಗೆ ಏಳುತ್ತ ಇಳಿಯುತ್ತ ಅವಳ ಅಳು ನಿಂತು ನಿದ್ದೆ ಹತ್ತಿತು.